ಕೆಫೀನ್ ಬೇಡ, ಡಿಕಾಕ್ಷನ್ ಗಟ್ಟಿ ಇರಲಿ: ರೂಯಿಬೋಸ್ ಎಸ್ಪ್ರೆಸೊಗೆ ಯಾವ ದಾರಿ ಹಿಡಿಯಬೇಕು?

ಸಂಜೆ ಐದರ ಮೇಲೆ ಕಾಫಿ ಕುಡಿದರೆ ರಾತ್ರಿ ಎರಡರವರೆಗೆ ಫ್ಯಾನ್ ತಿರುಗುವುದನ್ನು ನೋಡುತ್ತಾ ಬಿದ್ದಿರುವ ಜಾತಿ ನನ್ನದು. ಹಾಗಂತ ಸಂಜೆಯ ಲೋಟ ಬಿಡೋಕಾಗುತ್ತಾ? ಹುಟ್ಟಿದ್ದು ಹಾಸನದ ಕಡೆ. ನಮ್ಮಲ್ಲಿ ಮನೆಗೆ ಬಂದವರಿಗೆ ನೀರು ಕೊಡೋದು ಮರೆತರೂ ಕಾಫಿ ಕೊಡೋದು ಮರೆಯಲ್ಲ. ಬಿಸಿ ಹಾಲಿಗೆ ಡಿಕಾಕ್ಷನ್ ಬೀಳುವ ಗಳಿಗೆ, ಲೋಟದ ಅಂಚಿನ ನೊರೆ, ಕೊನೆಯ ಗುಟುಕಿನ ಕಹಿ, ಇಷ್ಟೂ ಬೇಕು. ಬೇಡದ್ದು ಕೆಫೀನ್ ಒಂದೇ.

ನಮ್ಮನೆಯವರ ಕೆಲಸದ ಮೇಲೆ ಮೂರು ವರ್ಷ ಕೇಪ್‌ಟೌನ್‌ನಲ್ಲಿದ್ದೆವು. ಅಲ್ಲಿನ ಕಾಫಿ ಅಂಗಡಿಗಳ ಬೋರ್ಡಿನಲ್ಲಿ ಕ್ಯಾಪುಚಿನೊ, ಫ್ಲ್ಯಾಟ್ ವೈಟ್ ಎಲ್ಲ ಮುಗಿದ ಮೇಲೆ ‘ರೆಡ್ ಕ್ಯಾಪುಚಿನೊ’ ಅಂತ ಒಂದು ಸಾಲು ಇರುತ್ತಿತ್ತು. ಬೀಟ್‌ರೂಟ್ ಹಾಕಿರಬಹುದು ಅಂದುಕೊಂಡು ಆರು ತಿಂಗಳು ಅದರ ತಂಟೆಗೇ ಹೋಗಲಿಲ್ಲ. ಒಂದು ಸಂಜೆ ತರಿಸಿ ನೋಡಿದರೆ, ಮಂಗಳೂರು ಹೆಂಚಿನ ಬಣ್ಣದ ಪಾನೀಯ, ಮೇಲೆ ಒಂದು ಬೆರಳು ನೊರೆ, ನೊರೆಯ ಮೇಲೆ ಜೇನಿನ ಗೆರೆ, ಚಿಟಿಕೆ ಚಕ್ಕೆ ಪುಡಿ. ಕಾಫಿಯ ಹಾಗಿರಲಿಲ್ಲ, ಚಹಾದ ಹಾಗೂ ಇರಲಿಲ್ಲ. ಆದರೆ ಲೋಟ ಖಾಲಿಯಾದಾಗ ‘ಏನೋ ಕುಡಿದೆ’ ಅನ್ನಿಸಿತು. ಗಿಡಮೂಲಿಕೆ ಚಹಾ ಕುಡಿದಾಗ ನನಗೆ ಯಾವತ್ತೂ ಅನ್ನಿಸದ ಮಾತದು. ಅದು ರೂಯಿಬೋಸ್ ಅನ್ನುವ, ಕೆಫೀನ್ ಇಲ್ಲದ ಗಿಡದ ಎಲೆಯಿಂದ ಇಳಿಸಿದ್ದು.

ಬೆಂಗಳೂರಿಗೆ ವಾಪಸಾದ ಮೇಲೆ ಅದನ್ನು ಮನೆಯಲ್ಲಿ ಮಾಡಿಕೊಳ್ಳೋಕೆ ಐದಾರು ದಾರಿ ಹಿಡಿದು ನೋಡಿದೆ. ಕೆಲವು ಚೆನ್ನಾಗಿ ಬಂತು, ಕೆಲವು ಸಿಂಕಿಗೆ ಹೋಯಿತು. ಯಾರಿಗೆ ಯಾವುದು ಒಪ್ಪುತ್ತದೆ ಅಂತ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು, ಇದು ಏನು

ದಕ್ಷಿಣ ಆಫ್ರಿಕಾದ ಆಫ್ರಿಕಾನ್ಸ್ ಭಾಷೆಯಲ್ಲಿ ‘ರೂಯಿ’ ಅಂದರೆ ಕೆಂಪು, ‘ಬೋಸ್’ ಅಂದರೆ ಪೊದೆ. ಅಲ್ಲಿಯವರ ಬಾಯಲ್ಲಿ ಅದು ‘ರಾಯ್‌ಬೊಸ್’ ಅಂತಲೇ ಕೇಳಿಸುತ್ತದೆ. ಚಹಾ ಗಿಡಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಅವರೆ, ತೊಗರಿಗಳ ಕುಲದ ಗಿಡ, ಶಾಸ್ತ್ರೀಯ ಹೆಸರು ಆಸ್ಪಲಾಥಸ್ ಲಿನಿಯಾರಿಸ್. ಎಲೆ ಅನ್ನೋದಕ್ಕಿಂತ ಹಸಿರು ಸೂಜಿ ಅನ್ನಬೇಕು. ಕೇಪ್‌ಟೌನಿನಿಂದ ಉತ್ತರಕ್ಕೆ ಇನ್ನೂರು ಚಿಲ್ಲರೆ ಕಿಲೋಮೀಟರ್ ಹೋದರೆ ಕ್ಲಾನ್‌ವಿಲಿಯಂ ಊರು, ಅದರ ಬೆನ್ನಿಗೆ ಸೀಡರ್‌ಬರ್ಗ್ ಬೆಟ್ಟ. ಆ ಸೀಮೆಯ ಮರಳು ನೆಲ, ಚಳಿಗಾಲದ ಮಳೆ, ಒಣ ಬೇಸಿಗೆ ಇಷ್ಟೂ ಕೂಡಿದ ಕಡೆ ಮಾತ್ರ ಇದು ಸರಿಯಾಗಿ ಬೆಳೆಯುತ್ತದೆ. ನಮ್ಮ ಮೈಸೂರು ಮಲ್ಲಿಗೆಗೆ ಭೌಗೋಳಿಕ ಗುರುತು ಇರುವ ಹಾಗೆ, 2021ರಲ್ಲಿ ಐರೋಪ್ಯ ಒಕ್ಕೂಟ ರೂಯಿಬೋಸ್ ಹೆಸರಿಗೂ ಅಂಥದೇ ರಕ್ಷಣೆ ಕೊಟ್ಟಿದೆ.

ಸುಗ್ಗಿ ಹೊತ್ತಿನಲ್ಲಿ ಒಮ್ಮೆ ಅಲ್ಲಿಗೆ ಹೋಗಿದ್ದೆವು. ಕೊಯ್ದ ಕಡ್ಡಿಗಳನ್ನು ಸಣ್ಣಗೆ ಕತ್ತರಿಸಿ, ಜಜ್ಜಿ, ನೀರು ಹಾಕಿ, ದೊಡ್ಡ ಸಿಮೆಂಟಿನ ಕಣದಲ್ಲಿ ಉದ್ದುದ್ದ ರಾಶಿ ಹಾಕುತ್ತಾರೆ. ಹಾಕುವಾಗ ಹಸಿರು. ರಾತ್ರಿಯೆಲ್ಲ ಒಳಗೇ ಬಿಸಿಯಾಗಿ, ಗಾಳಿ ಸೇರಿ, ಬೆಳಗ್ಗೆ ಹೊತ್ತಿಗೆ ಇಟ್ಟಿಗೆ ಪುಡಿಯ ಬಣ್ಣ. ಆಮೇಲೆ ಅದೇ ಕಣದಲ್ಲಿ ತೆಳ್ಳಗೆ ಹರಡಿ ಬಿಸಿಲಿಗೆ ಬಿಡುತ್ತಾರೆ. ಕಣದ ಅಂಚಿಗೆ ನಿಂತರೆ ಜೇನು ಕಾಯಿಸಿದ ಹಾಗೆ, ಮಳೆಗೆ ನೆನೆದ ಹುಲ್ಲಿನ ಬಣವೆ ಬಿಚ್ಚಿದ ಹಾಗೆ ಎರಡೂ ಸೇರಿದ ವಾಸನೆ. ನಮ್ಮ ಭತ್ತದ ಕಣ ನೆನಪಾಗಿ ನಾನು ಚಪ್ಪಲಿ ಬಿಡೋಕೆ ಹೊರಟೆ, ನಮ್ಮನೆಯವರು ನಕ್ಕರು.

ಇದನ್ನು ಮೊದಲು ಕುಡಿದವರು ಅಲ್ಲಿನ ಖೋಯ್ ಮತ್ತು ಸಾನ್ ಜನ. ವ್ಯಾಪಾರಕ್ಕೆ ತಂದದ್ದು 1904ರ ಹೊತ್ತಿಗೆ ಬೆಂಜಮಿನ್ ಗಿನ್ಸ್‌ಬರ್ಗ್. 1930ರ ದಶಕದಲ್ಲಿ ಕ್ಲಾನ್‌ವಿಲಿಯಂನ ವೈದ್ಯ ಲೆ ಫ್ರಾಸ್ ನಾರ್ಟಿಯೆ ಬೇಸಾಯದ ವಿಧಾನ ಕಂಡುಕೊಂಡರು. ಬೀಜ ಎಷ್ಟು ಸಣ್ಣ, ಎಷ್ಟು ಬೇಗ ಸಿಡಿದು ಮರಳಿಗೆ ಬೀಳುತ್ತೆ ಅಂದರೆ, ಸ್ಥಳೀಯ ಹೆಂಗಸರು ಅದನ್ನು ಇರುವೆ ಗೂಡಿನಿಂದ ಆರಿಸಿ ತಂದುಕೊಡುತ್ತಿದ್ದರಂತೆ. ಇಷ್ಟೆಲ್ಲ ಆದಮೇಲೂ ಮೂಲದವರಿಗೆ ಪಾಲು ಸಿಕ್ಕಿದ್ದು ತೀರಾ ತಡವಾಗಿ. 2019ರ ಒಪ್ಪಂದದ ಪ್ರಕಾರ ತೋಟದ ಬಾಗಿಲಿನ ಬೆಲೆಯಲ್ಲಿ, ಅಂದರೆ ಬೆಳೆಗಾರನಿಗೆ ಸಿಗುವ ಬೆಲೆಯಲ್ಲಿ, ಶೇಕಡಾ 1.5ರಷ್ಟು ಖೋಯ್, ಸಾನ್ ಸಮುದಾಯಗಳಿಗೆ ಸಲ್ಲಬೇಕು.

ಇನ್ನು ಎಸ್ಪ್ರೆಸೊ, ಅಂದರೆ ಬಿಸಿನೀರನ್ನು ಒತ್ತಡದಲ್ಲಿ ಪುಡಿಯ ಮೂಲಕ ಹಾಯಿಸಿ ಗಟ್ಟಿಯಾಗಿ ಇಳಿಸುವ ಬಗೆ. ಅದು ಹೊಸ ಕಥೆ. 2005ರ ಸುಮಾರಿಗೆ ಕಾರ್ಲ್ ಪ್ರಿಟೋರಿಯಸ್ ಅನ್ನುವ ರೂಯಿಬೋಸ್ ಬೆಳೆಗಾರ, ತಾನೇ ಕಾಫಿ ಚಟದವನು, ಕೆಫೀನ್ ತಗ್ಗಿಸಬೇಕಾಗಿ ಬಂದಾಗ ತನ್ನ ತೋಟದ ಎಲೆಯನ್ನೇ ಪುಡಿ ಮಾಡಿ ಎಸ್ಪ್ರೆಸೊ ಮಷಿನ್ನಿಗೆ ಹಾಕಿದ. ಅದೇ ‘ರೆಡ್ ಎಸ್ಪ್ರೆಸೊ’ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ನಾನು ಕುಡಿದ ರೆಡ್ ಕ್ಯಾಪುಚಿನೊದ ಹುಟ್ಟು ಅಲ್ಲಿಯದು.

ಕೆಫೀನ್ ಬಿಡೋಕೆ ಇದೊಂದೇ ದಾರಿಯೇ?

ಅಲ್ಲ. ನಿಮಗೆ ಬೇಕಿರುವುದು ಕಾಫಿಯ ರುಚಿಯೇ ಆದರೆ ರೂಯಿಬೋಸಿನ ಹತ್ತಿರ ಬರಲೇಬೇಡಿ, ಡಿಕ್ಯಾಫ್ ತಗೊಳ್ಳಿ. ಕಾಫಿ ಬೀಜದಿಂದ ಕೆಫೀನ್ ತೆಗೆಯುವ ವಿದ್ಯೆ ನೂರು ವರ್ಷಕ್ಕೂ ಹಳೆಯದು. ಜರ್ಮನಿಯ ಬ್ರೆಮೆನ್‌ನಲ್ಲಿ ಲುಡ್ವಿಗ್ ರೋಸೆಲಿಯಸ್ ಕಾಫಿ ಹಾಗ್ ಕಂಪನಿ ತೆರೆದದ್ದು 1906ರಲ್ಲಿ. ಆಗ ಬೆಂಜೀನ್ ಬಳಸುತ್ತಿದ್ದರು, ಈಗ ನೀರು, ಇಂಗಾಲದ ಡೈಆಕ್ಸೈಡ್ ಅಥವಾ ಬೇರೆ ದ್ರಾವಕಗಳಿಂದ ತೆಗೆಯುತ್ತಾರೆ. ಒಳ್ಳೆಯ ಡಿಕ್ಯಾಫ್ ಶೇಕಡಾ ತೊಂಬತ್ತು ಪಾಲು ಕಾಫಿಯೇ. ತೊಡಕು ಎರಡು. ಕೆಫೀನ್ ಪೂರ್ತಿ ಹೋಗಿರುವುದಿಲ್ಲ, ಕಪ್ಪಿಗೆ ಐದಾರು ಮಿಲಿಗ್ರಾಂ, ಕೆಲವೊಮ್ಮೆ ಹತ್ತು ಹದಿನೈದರ ತನಕ ಉಳಿದಿರುತ್ತದೆ. ಒಂದು ಶಾಟ್ ಎಸ್ಪ್ರೆಸೊದ 60–65 ಮಿಲಿಗ್ರಾಂ ಮುಂದೆ ಅದು ಏನೂ ಅಲ್ಲ, ನಿಜ. ಎರಡನೆಯದು ನಂಬಿಕೆಯ ಪ್ರಶ್ನೆ. ಇಲ್ಲೇ ಒಂದು ಕೆಫೆಯಲ್ಲಿ ಡಿಕ್ಯಾಫ್ ಅಂತ ಕೇಳಿ ಕುಡಿದು ಆ ರಾತ್ರಿ ಫ್ಯಾನಿನ ರೆಕ್ಕೆ ಎಣಿಸಿದ್ದೇನೆ. ನೋಡಿದರೆ ಎರಡೂ ಒಂದೇ ಬಣ್ಣ, ಒಂದೇ ವಾಸನೆ. ಮಾಡಿಕೊಡುವ ಹುಡುಗ ಡಬ್ಬಿ ತಪ್ಪಿದರೆ ನಮಗೆ ಗೊತ್ತಾಗುವುದು ರಾತ್ರಿ ಎರಡಕ್ಕೆ.

ಚಿಕೋರಿ ನಮಗೆ ಹೊಸದಲ್ಲ. ಬೇರನ್ನು ಹುರಿದು ಮಾಡಿದ ಪುಡಿ, ಕೆಫೀನ್ ಸೊನ್ನೆ. ಆದರೆ ‘ಚಿಕೋರಿ ಕಾಫಿ’ ಅಂತ ಅಂಗಡಿಯಲ್ಲಿ ಸಿಗೋದು ಮಿಶ್ರಣ. ನಮ್ಮ ನಿಯಮದ ಪ್ರಕಾರ ಅದರಲ್ಲಿ ಕಾಫಿ ಕನಿಷ್ಠ ಶೇಕಡಾ 51 ಇರಲೇಬೇಕು, ಹಾಗಾಗಿ ಅದು ಕೆಫೀನ್ ಇಲ್ಲದ್ದಲ್ಲ. ಬರೀ ಚಿಕೋರಿ ಪುಡಿ ಬೇರೆಯಾಗಿ ಕೇಳಿ ತರಬೇಕು. ಕಹಿ ಚೆನ್ನಾಗಿದೆ, ಬಣ್ಣ ಬಹಳ ಚೆನ್ನಾಗಿದೆ, ಆದರೆ ಅದೊಂದನ್ನೇ ಕುಡಿದರೆ ಸುಟ್ಟ ಬೆಲ್ಲ ನೆಕ್ಕಿದ ಹಾಗೆ. ಅದರಲ್ಲಿ ಇನ್ಯುಲಿನ್ ಅನ್ನುವ ನಾರು ಜಾಸ್ತಿ, ಹೆಚ್ಚಾದರೆ ಹೊಟ್ಟೆಯಲ್ಲಿ ವಾಯು. ಡಬ್ಬಿ ಎಸೆಯಬೇಡಿ, ಕೊನೆಯಲ್ಲಿ ಕೆಲಸಕ್ಕೆ ಬರುತ್ತದೆ.

ಇಟಲಿಯವರು ಹುರಿದ ಬಾರ್ಲಿಯನ್ನು ಎಸ್ಪ್ರೆಸೊ ಮಷಿನ್ನಿಗೇ ಹಾಕಿ ‘ಕಫೆ ದೋರ್ಜೊ’ ಮಾಡುತ್ತಾರೆ. ಹುರಿಗಡಲೆ ವಾಸನೆ ಇಷ್ಟ ಇದ್ದವರಿಗೆ ಅದು ಒಪ್ಪುತ್ತದೆ. ಗ್ಲುಟೆನ್ ಆಗದವರು ಮುಟ್ಟುವ ಹಾಗಿಲ್ಲ. ಇನ್ನು ನಮ್ಮ ಮಲೆನಾಡಿನ ಕೊತ್ತಂಬರಿ–ಜೀರಿಗೆ ಕಷಾಯ. ಹಾಲು ಬೆಲ್ಲ ಹಾಕಿದ ಕಷಾಯದ ಮುಂದೆ ಇವೆಲ್ಲ ಯಾತರದು ಅಂತ ಅತ್ತೆ ಕೇಳುತ್ತಾರೆ, ಅವರ ಮಾತಿಗೆ ಎದುರಾಡುವ ಧೈರ್ಯ ನನಗಿಲ್ಲ. ಆದರೆ ಕಷಾಯ ಕುಡಿದಾಗ ಕಷಾಯ ಕುಡಿದ ಹಾಗೇ ಇರುತ್ತದೆ. ಅದು ಕಾಫಿಯ ಜಾಗದಲ್ಲಿ ಕೂರುವುದಿಲ್ಲ.

ರೂಯಿಬೋಸ್ ಕೂರುತ್ತದೆಯೇ? ಬರೀ ಟೀ ಬ್ಯಾಗನ್ನು ಬಿಸಿನೀರಿಗೆ ಅದ್ದಿದರೆ ಖಂಡಿತ ಇಲ್ಲ. ಗಟ್ಟಿ ಡಿಕಾಕ್ಷನ್ ಇಳಿಸಿ ಹಾಲು ಬೆರೆಸಿದರೆ ಮುಕ್ಕಾಲು ಪಾಲು ಕೂರುತ್ತದೆ. ಆ ಗಟ್ಟಿತನ ಎಲ್ಲಿಂದ ತರುವುದು ಅನ್ನೋದೇ ಉಳಿದ ಪ್ರಶ್ನೆ.

ಎಲೆ ಕೊಳ್ಳುವಾಗ

ಎರಡು ಬಗೆ ಸಿಗುತ್ತದೆ, ಕೆಂಪು ಮತ್ತು ಹಸಿರು. ಹಸಿರು ಅಂದರೆ ಕಣದಲ್ಲಿ ಕಳಿಯಲು ಬಿಡದೆ ನೇರ ಒಣಗಿಸಿದ್ದು. ಆಸ್ಪಲಾಥಿನ್ ಅನ್ನುವ ಆಂಟಿಆಕ್ಸಿಡೆಂಟ್ ಅದರಲ್ಲಿ ಹೆಚ್ಚು, ಕೆಂಪಾಗುವಾಗ ಬಹುಪಾಲು ಕಳೆದುಹೋಗುತ್ತದೆ. ಡಬ್ಬಿಯ ಮೇಲೆ ಇದನ್ನು ದೊಡ್ಡಕ್ಷರದಲ್ಲಿ ಬರೆದಿರುತ್ತಾರೆ. ಬರೆದುಕೊಳ್ಳಲಿ. ಹಾಲಿನ ಜೊತೆ ಹಸಿರು ರೂಯಿಬೋಸ್ ಒಣಹುಲ್ಲು ನೆನೆಸಿದ ನೀರಿನಂತಿರುತ್ತದೆ. ಎಸ್ಪ್ರೆಸೊ ಬಗೆಗೆ ಕೆಂಪೇ ಬೇಕು.

ಎಸ್ಪ್ರೆಸೊಗೆಂದೇ ಪುಡಿ ಮಾಡಿದ್ದು ಸಿಕ್ಕರೆ ಮೊದಲ ಆಯ್ಕೆ ಅದೇ. ಅದಿಲ್ಲದಿದ್ದರೆ ಟೀ ಬ್ಯಾಗ್ ಹರಿದು ಒಳಗಿನದನ್ನು ಬಳಸಿ, ಬಿಡಿ ಎಲೆಗಿಂತ ಅದು ಸಣ್ಣಗಿರುತ್ತದೆ. ಲೆಕ್ಕ ಮಾತ್ರ ಮೊದಲೇ ಹಾಕಿಕೊಳ್ಳಿ. 80 ಬ್ಯಾಗಿನ ಡಬ್ಬಿಯಲ್ಲಿ 200 ಗ್ರಾಂ ಇದ್ದರೆ ಒಂದು ಬ್ಯಾಗಿಗೆ ಎರಡೂವರೆ ಗ್ರಾಂ. ಒಂದು ಗಟ್ಟಿ ಲೋಟಕ್ಕೆ 10–12 ಗ್ರಾಂ ಬೇಕು. ಅಂದರೆ ನಾಲ್ಕೈದು ಬ್ಯಾಗು. ಒಂದು ಬ್ಯಾಗಿನಲ್ಲಿ ‘ಲಾಟೆ’ ಮಾಡಿ ರೂಯಿಬೋಸಿಗೆ ರುಚಿಯೇ ಇಲ್ಲ ಅನ್ನುವವರು ಎಡವುವುದು ಇಲ್ಲೇ.

ಬಿಡಿ ಎಲೆ ತಂದರೆ ಮಿಕ್ಸಿಯ ಚಿಕ್ಕ ಜಾರಿನಲ್ಲಿ ನಿಲ್ಲಿಸಿ ನಿಲ್ಲಿಸಿ ನಾಲ್ಕೈದು ಸಲ ತಿರುಗಿಸಿ. ಒಂದೇ ಸಮನೆ ತಿರುಗಿಸಿದರೆ ಅರ್ಧ ಹಿಟ್ಟು, ಅರ್ಧ ಕಡ್ಡಿ. ಸಣ್ಣ ರವೆಯ ಹದ ಸಾಕು. ಕಾಫಿ ಗ್ರೈಂಡರಿಗೆ ಹಾಕಬೇಡಿ, ಇದರ ನಾರು ಹಲ್ಲಿಗೆ ಸುತ್ತಿಕೊಳ್ಳುತ್ತದೆ, ವಾಸನೆ ವಾರವಾದರೂ ಹೋಗುವುದಿಲ್ಲ.

ಮಷಿನ್ನೋ, ಮೋಕಾನೋ, ಫಿಲ್ಟರೋ, ಪಾತ್ರೆಯೋ

ಎಸ್ಪ್ರೆಸೊ ಮಷಿನ್ ಇರುವವರ ಮನೆಯಿಂದ ಶುರು ಮಾಡೋಣ, ಯಾಕಂದರೆ ಹೆಸರು ಅಲ್ಲಿಂದಲೇ ಬಂದದ್ದು. ಕಾಫಿಗೆ ನಾವು 18 ಗ್ರಾಂ ಹಾಕುವ ಬಾಸ್ಕೆಟ್ಟಿಗೆ, ಅಂದರೆ ಪುಡಿ ತುಂಬುವ ತೂತಿನ ಬಟ್ಟಲಿಗೆ, ರೂಯಿಬೋಸ್ ಪುಡಿ 12–13 ಗ್ರಾಂ ಹಾಕುವಷ್ಟರಲ್ಲಿ ತುಂಬಿಹೋಗುತ್ತದೆ, ಹತ್ತಿಯ ಹಾಗೆ ಹಗುರ. ಕಾಫಿಯನ್ನು ಒತ್ತಿದಷ್ಟು ಬಲವಾಗಿ ಟ್ಯಾಂಪ್ ಮಾಡಬೇಡಿ, ಮಟ್ಟ ಮಾಡಿ ಮೆತ್ತಗೆ ಒತ್ತಿದರೆ ಸಾಕು. ಎಲೆ ದಪ್ಪವಿದ್ದರೆ ನೀರು ಎಂಟು ಸೆಕೆಂಡಿನಲ್ಲಿ ಸುರಿದು ತಿಳಿಗೆಂಪು ನೀರು ಸಿಗುತ್ತದೆ. ಪುಡಿ ಹಿಟ್ಟಾಗಿದ್ದರೆ ಮಷಿನ್ ಗೊರಗೊರ ಅನ್ನುತ್ತದೆ, ಲೋಟಕ್ಕೆ ಹನಿಯೂ ಬೀಳುವುದಿಲ್ಲ. ಹದ ಸಿಕ್ಕಿದ ದಿನ ಮೂವತ್ತು ಸೆಕೆಂಡಿಗೆ 60 ಮಿಲಿಯಷ್ಟು ಇಳಿಯುತ್ತದೆ. ಮೊದಲು ಕಡುಗೆಂಪು ದಾರ, ಆಮೇಲೆ ಕಿತ್ತಳೆ, ಮೇಲೆ ತೆಳ್ಳಗೆ ಒಂದು ಪದರ ನೊರೆ. ಈ ನೊರೆಯನ್ನು ಕ್ರೆಮಾ ಅಂತ ಕರೆಯುವುದು ಸ್ವಲ್ಪ ಜಂಬ. ಕಾಫಿಯ ಕ್ರೆಮಾಗೆ ಕಾರಣ ಹುರಿದ ಬೀಜದೊಳಗೆ ಸಿಕ್ಕಿಬಿದ್ದ ಅನಿಲ ಮತ್ತು ಎಣ್ಣೆ. ಇದನ್ನು ಹುರಿದೇ ಇಲ್ಲ. ಒತ್ತಡಕ್ಕೆ ಎದ್ದ ನೊರೆ ಒಂದು ನಿಮಿಷದೊಳಗೆ ಕೂತುಬಿಡುತ್ತದೆ.

ರುಚಿ ಚೆನ್ನಾಗಿಯೇ ಇರುತ್ತದೆ. ಜೇನು, ಒಣಗಿದ ಕಟ್ಟಿಗೆ, ಸ್ವಲ್ಪ ವೆನಿಲ್ಲಾದ ನೆರಳು. ಆದರೆ ಬರೀ ಇದಕ್ಕಾಗಿ ಮಷಿನ್ ಕೊಳ್ಳಬೇಡಿ. ಯಾಕೆ ಅನ್ನುವುದಕ್ಕೆ ಕಾರಣ ಇದೆ, ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದೇ ಅದು.

ಎಸ್ಪ್ರೆಸೊ ಮಷಿನ್ 9 ಬಾರ್ ಒತ್ತಡ ಹಾಕುವುದು ಕಾಫಿಯ ಸ್ವಭಾವಕ್ಕಾಗಿ. ಕಾಫಿ ಪುಡಿಯನ್ನು ನೀರಿನಲ್ಲಿ ಜಾಸ್ತಿ ಹೊತ್ತು ಬಿಟ್ಟರೆ ಒಳಗಿನ ಒರಟು ಕಹಿ ಹೊರಬರುತ್ತದೆ, ಅದಕ್ಕೇ ಬೇಕಾದ್ದನ್ನು ಅರ್ಧ ನಿಮಿಷದಲ್ಲಿ ಒತ್ತಿ ತೆಗೆದು ಉಳಿದದ್ದನ್ನು ಅಲ್ಲೇ ಬಿಡುವ ಉಪಾಯ. ಚಹಾಕ್ಕೂ ಹಾಗೇ, ಕುದಿಸುತ್ತಾ ಹೋದರೆ ಒಗರು. ರೂಯಿಬೋಸಿನಲ್ಲಿ ಒಗರು ಕೊಡುವ ಟ್ಯಾನಿನ್ ಕಡಿಮೆ. ಹತ್ತು ನಿಮಿಷ ಕುದಿಸಿ, ಇಪ್ಪತ್ತು ನಿಮಿಷ ಕುದಿಸಿ, ಕಹಿಯಾಗುವುದಿಲ್ಲ, ಗಟ್ಟಿಯಾಗುತ್ತದೆ ಅಷ್ಟೆ. ಸೀಡರ್‌ಬರ್ಗ್ ಕಡೆಯ ಹಳೆಯ ಮನೆಗಳಲ್ಲಿ ಕೆಟಲ್ಲನ್ನು ಬೆಳಗ್ಗೆ ಒಲೆಯ ಅಂಚಿಗಿಟ್ಟರೆ ಸಂಜೆವರೆಗೆ ಅಲ್ಲೇ ಇರುತ್ತಿತ್ತು, ಬೇಕಾದಾಗ ಬಗ್ಗಿಸಿಕೊಂಡು ಕುಡಿಯುವುದು. ಅಂದರೆ ಒತ್ತಡ ಮಾಡುವ ಕೆಲಸವನ್ನು ಇಲ್ಲಿ ಹೊತ್ತೇ ಮಾಡಿಕೊಡುತ್ತದೆ. ಅವಸರವಿದ್ದವರಿಗೆ ಮಷಿನ್, ಹತ್ತು ನಿಮಿಷ ಇದ್ದವರಿಗೆ ಸ್ಟೀಲ್ ಪಾತ್ರೆ.

ಹಾಗಾಗಿ ನನ್ನ ಮೊದಲ ಸಲಹೆ ಪಾತ್ರೆಯೇ. 12 ಗ್ರಾಂ ಎಲೆ, ಎಂದರೆ ತುಂಬಿದ ಮೂರು ದೊಡ್ಡ ಚಮಚ, ಒಂದು ಲೋಟ ಅಂದರೆ 250 ಮಿಲಿ ನೀರಿಗೆ ಹಾಕಿ ಸಣ್ಣ ಉರಿಯಲ್ಲಿ ಅರ್ಧಕ್ಕೆ ಇಳಿಯುವವರೆಗೆ ಕುದಿಸಿ. ಹನ್ನೆರಡು ಹದಿನೈದು ನಿಮಿಷ. ಮಾಮೂಲಿ ಜರಡಿಯಲ್ಲಿ ಸೋಸಿದರೆ ಸೂಜಿಗಳು ಇಳಿದು ಗಂಟಲಿಗೆ ಚುಚ್ಚುತ್ತವೆ. ಹಳೆಯ ಪಂಚೆಯ ತುಂಡಿನಲ್ಲಿ ಸೋಸಿ, ಕೊನೆಗೆ ಬಟ್ಟೆ ತಿರುಚಿ ಹಿಂಡಿ. ಆ ಹಿಂಡುವಾಗ ಬರುವ ಎರಡು ಚಮಚ ಇದೆಯಲ್ಲ, ಅದೇ ಗಟ್ಟಿ ಭಾಗ. ಕಾಫಿ ಫಿಲ್ಟರ್ ಬರುವ ಮೊದಲು ನಮ್ಮ ಅಜ್ಜಿ ಕಾಫಿ ಮಾಡುತ್ತಿದ್ದದ್ದೂ ಹೀಗೆ ಬಟ್ಟೆಯಲ್ಲೇ. ಈ ಡಿಕಾಕ್ಷನ್ ಫ್ರಿಜ್ಜಿನಲ್ಲಿ ಮೂರು ದಿನ ಇಟ್ಟರೂ ಏನೂ ಆಗಿಲ್ಲ, ಭಾನುವಾರ ಒಂದು ಬಾಟಲಿ ಮಾಡಿಟ್ಟರೆ ಬುಧವಾರದವರೆಗೆ ಚಿಂತೆ ಇಲ್ಲ. ಕಾಫಿ ಡಿಕಾಕ್ಷನ್ನಿಗೆ ಈ ಸೌಲಭ್ಯ ಇಲ್ಲ, ಮಾರನೆಯ ದಿನವೇ ಮುಗ್ಗಲು.

ಮೋಕಾ ಪಾಟ್, ಅಂದರೆ ಒಲೆಯ ಮೇಲಿಟ್ಟು ಹಬೆಯ ಒತ್ತಡದಲ್ಲಿ ಕಾಫಿ ಇಳಿಸುವ ಪಾತ್ರೆ, ಮಧ್ಯದ ದಾರಿ. ಒತ್ತಡ ಒಂದೂವರೆ ಬಾರಿನ ಆಸುಪಾಸು ಮಾತ್ರ, ಆದರೆ ಬೇಕಾದಷ್ಟು ಗಟ್ಟಿ ಬರುತ್ತದೆ. ಟೀ ಬ್ಯಾಗಿನ ಪುಡಿಯನ್ನು ಹಾಗೇ ಬುಟ್ಟಿಗೆ ತುಂಬಿ, ಒತ್ತದೆ, ಸಣ್ಣ ಉರಿಯಲ್ಲಿಟ್ಟರೆ ಐದಾರು ನಿಮಿಷ. ಒಂದು ಎಚ್ಚರ: ಮಿಕ್ಸಿಯಲ್ಲಿ ಹಿಟ್ಟಾದದ್ದನ್ನು ಇದಕ್ಕೆ ಹಾಕಬೇಡಿ. ದಾರಿ ಕಟ್ಟಿಕೊಂಡು, ನನ್ನದು ಒಮ್ಮೆ ಪಕ್ಕದ ವಾಲ್ವಿನಿಂದ ಹಬೆ ಉಗುಳಿ ಗ್ಯಾಸ್ ಕಟ್ಟೆಯೆಲ್ಲ ಕೆಂಪಾಗಿತ್ತು.

ಏರೋಪ್ರೆಸ್, ಅಂದರೆ ಕೈಯಲ್ಲಿ ಒತ್ತಿ ಕಾಫಿ ಇಳಿಸುವ ಕೊಳವೆ, ಇದ್ದವರಿಗೆ ಕೆಲಸ ಸಲೀಸು. 12 ಗ್ರಾಂ ಪುಡಿ, ಕುದಿಯುವ ನೀರು 120 ಮಿಲಿ, ಐದು ನಿಮಿಷ ಬಿಟ್ಟು ಒತ್ತುವುದು. ಕಾಫಿಗಾದರೆ ನೀರು ಸ್ವಲ್ಪ ಆರಲಿ ಅನ್ನುತ್ತೇವೆ, ಇಲ್ಲಿ ಕಳಕಳ ಕುದಿಯುವುದೇ ಬೇಕು. ಕಾಗದದ ಫಿಲ್ಟರ್ ಇರುವುದರಿಂದ ಸೂಜಿಯ ಕಾಟವಿಲ್ಲ. ಹಾಸ್ಟೆಲಿನವರಿಗೆ, ಹೊರದೇಶದಲ್ಲಿ ಒಂಟಿಯಾಗಿರುವವರಿಗೆ ನಾನು ಹೇಳುವುದು ಇದನ್ನೇ.

ನಮ್ಮ ಫಿಲ್ಟರ್ ಮೇಲೆ ನನಗೆ ಎಲ್ಲಕ್ಕಿಂತ ಹೆಚ್ಚು ಆಸೆ ಇತ್ತು, ಎಲ್ಲಕ್ಕಿಂತ ಹೆಚ್ಚು ಸತಾಯಿಸಿದ್ದೂ ಅದೇ. ಕಾಫಿ ಪುಡಿ ನೀರು ಕುಡಿದು ಉಬ್ಬಿ ಕೆಸರಿನ ಹಾಗೆ ಕೂರುತ್ತದೆ, ಅದರಲ್ಲೂ ಚಿಕೋರಿ ಇದ್ದರೆ ಅಂಟಿಕೊಂಡು ನೀರನ್ನು ತಡೆಯುತ್ತದೆ. ಹಾಗಾಗಿ ಡಿಕಾಕ್ಷನ್ ಹನಿಹನಿಯಾಗಿ ಇಳಿಯುತ್ತದೆ. ರೂಯಿಬೋಸ್ ಕಡ್ಡಿಗಳು ಉಬ್ಬುವುದೂ ಇಲ್ಲ, ಅಂಟುವುದೂ ಇಲ್ಲ. ಮೇಲೆ ಸುರಿದ ನೀರು ‘ಬಂದೆ’ ಅಂತ ಕೆಳಗೆ ಹೋಗುತ್ತದೆ. ಎರಡು ಉಪಾಯ ಮಾಡಿದೆ. ಇಳಿದದ್ದನ್ನೇ ಮತ್ತೆ ಕುದಿಸಿ ಮೇಲಿನಿಂದ ಎರಡನೇ ಸಲ, ಮೂರನೇ ಸಲ ಸುರಿಯುವುದು ಒಂದು. ಗಟ್ಟಿಯಾಯಿತು, ಆದರೆ ಅಷ್ಟು ಸಲ ಬಿಸಿ ಮಾಡುವುದಾದರೆ ಪಾತ್ರೆಯೇ ಇತ್ತಲ್ಲ! ಇನ್ನೊಂದು ಉಪಾಯ ಮೂಲೆಯಲ್ಲಿದ್ದ ಚಿಕೋರಿ ಡಬ್ಬಿಯದು.

ಚಿಕೋರಿಯ ಕೈವಾಡ

ಮೂರು ಪಾಲು ಸಣ್ಣ ರವೆ ಹದದ ರೂಯಿಬೋಸ್, ಒಂದು ಪಾಲು ಬರೀ ಚಿಕೋರಿ. ಫಿಲ್ಟರಿನ ಮೇಲಿನ ಬಟ್ಟಲಿನಲ್ಲಿ ಬೆರೆಸಿ ಹಾಕಿ, ತೂತಿನ ಬಿಲ್ಲೆಯಿಂದ ಮೆತ್ತಗೆ ಒತ್ತಿ, ಕುದಿಯುವ ನೀರು ಸುರಿದು ಮುಚ್ಚಿಡಿ. ಚಿಕೋರಿ ಕಡ್ಡಿಗಳ ಸಂದಿಗೆ ಸೇರಿಕೊಂಡು ನೀರನ್ನು ತಡೆಯುತ್ತದೆ. ಇಳಿಯೋಕೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ರೂಯಿಬೋಸಿಗೆ ಇಲ್ಲದ ಸುಟ್ಟ ಕಹಿಯನ್ನು ಚಿಕೋರಿ ಕೊಡುತ್ತದೆ, ಚಿಕೋರಿಗೆ ಇಲ್ಲದ ಪರಿಮಳವನ್ನು ರೂಯಿಬೋಸ್ ಕೊಡುತ್ತದೆ. ಎರಡರಲ್ಲೂ ಕೆಫೀನ್ ಇಲ್ಲ. ಬಣ್ಣ ಹೆಂಚಿನಿಂದ ಕಾಫಿಯ ಕಡೆಗೆ ತಿರುಗುತ್ತದೆ. ಮೊನ್ನೆ ಬಂದಿದ್ದ ಚಿಕ್ಕಪ್ಪ ಎರಡು ಗುಟುಕು ಕುಡಿದು, ‘ಏನಮ್ಮ, ಪುಡಿ ಅಂಗಡಿ ಬದಲಾಯಿಸಿದ್ಯಾ?’ ಅಂದರು. ಕಾಫಿಯಲ್ಲ ಅಂತ ಅವರಿಗೆ ಅನುಮಾನ ಬರಲಿಲ್ಲ, ಪುಡಿ ಸುಮಾರಾಗಿದೆ ಅನ್ನುವ ಅನುಮಾನ ಮಾತ್ರ. ನನಗೆ ಅಷ್ಟು ಸಾಕು.

ಶುದ್ಧ ರೂಯಿಬೋಸ್ ರುಚಿಯೇ ಇಷ್ಟವಾದವರಿಗೆ ಈ ಮಿಶ್ರಣ ಹಿಡಿಸುವುದಿಲ್ಲ, ಅದೂ ನಿಜ. ಕೇಪ್‌ಟೌನಿನ ನನ್ನ ಪಕ್ಕದ ಮನೆಯಾಕೆಗೆ ಫೋನಿನಲ್ಲಿ ಹೇಳಿದಾಗ, ಅನ್ನಕ್ಕೆ ಕೆಚಪ್ ಕಲಸುವವರ ಬಗ್ಗೆ ನಾವು ಮಾತಾಡುವ ದನಿಯಲ್ಲಿ ‘ಓ’ ಅಂದಳು.

ಹಾಲು

ಹಾಲಿನ ವಿಷಯಕ್ಕೆ ರೂಯಿಬೋಸ್ ಬಹಳ ಸಾಧು. ಹುಳಿಯ ಅಂಶ ಕಡಿಮೆಯಾದ್ದರಿಂದ ಹಾಲು ಒಡೆಯುವ ಭಯವಿಲ್ಲ. ಕಾಫಿಗೆ ಹಾಕಿದರೆ ಕೆಲವೊಮ್ಮೆ ಒಡೆದು ತರಿತರಿಯಾಗುವ ಬಾದಾಮಿ ಹಾಲು, ಸೋಯಾ ಹಾಲು ಇಲ್ಲಿ ಚೆನ್ನಾಗಿ ಹೊಂದಿಕೊಳ್ಳುತ್ತವೆ. ನನ್ನ ಅಳತೆ ಒಂದು ಪಾಲು ಡಿಕಾಕ್ಷನ್ನಿಗೆ ಎರಡು ಪಾಲು ಹಾಲು. ಕಾಫಿಗೆ ಹಾಕುವಷ್ಟು ಹಾಲು ಸುರಿದರೆ ಮುಳುಗಿಹೋಗುತ್ತದೆ. ಹಾಲು ಗಟ್ಟಿ ಇರಲಿ, ನೀರು ಬೆರೆಸಬೇಡಿ. ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ದರೆ ಸಾಕು, ಹಬೆಯ ಕೊಳವೆ ಇಲ್ಲದೆಯೇ ನೊರೆ ಬರುತ್ತದೆ. ಸಕ್ಕರೆ ಅರ್ಧಕ್ಕಿಳಿಸಿ, ಇದಕ್ಕೆ ತನ್ನದೇ ಸಿಹಿ ಇದೆ. ಬೆಲ್ಲ ಹಾಕಿದರೆ ಬೆಲ್ಲದ ರುಚಿಯೇ ಮೇಲಾಗುತ್ತದೆ. ಜೇನು ಸರಿಹೊಂದುತ್ತದೆ, ಅಲ್ಲಿಯವರು ಹಾಕುವುದೂ ಅದನ್ನೇ.

ಹಾಲೇ ಬೇಡ ಅನ್ನುವವರಿಗೆ ಗಟ್ಟಿ ಡಿಕಾಕ್ಷನ್ ಯಾಕೆ? ನಾಲ್ಕು ಗ್ರಾಂ ಎಲೆಗೆ ಒಂದು ದೊಡ್ಡ ಲೋಟ ನೀರು, ಏಳೆಂಟು ನಿಮಿಷ, ಒಂದು ತುಂಡು ನಿಂಬೆ. ಎಸ್ಪ್ರೆಸೊ ಗದ್ದಲವೆಲ್ಲ ಹಾಲಿನವರಿಗಾಗಿ.

ಕೊಳ್ಳುವ ಮುನ್ನ

ಮಷಿನ್ ಮನೆಯಲ್ಲಿದ್ದು ಬೆಳಗ್ಗೆ ಕಾಫಿ, ರಾತ್ರಿ ರೂಯಿಬೋಸ್ ಅನ್ನುವವರು ಎಸ್ಪ್ರೆಸೊಗೆಂದೇ ಮಾಡಿದ ಪುಡಿ ತರಿಸಿಕೊಳ್ಳಿ, ಮಿಕ್ಸಿಯ ಜೊತೆ ಗುದ್ದಾಡಬೇಡಿ. ಮಷಿನ್ ಜೊತೆ ಒತ್ತಡ ಕಟ್ಟುವ ಎರಡು ಪದರದ ಬಾಸ್ಕೆಟ್ ಕೊಟ್ಟಿದ್ದರೆ ಅದನ್ನೇ ಬಳಸಿ, ಪುಡಿಯ ಹದ ಅಲ್ಪಸ್ವಲ್ಪ ತಪ್ಪಿದರೂ ನಡೆಯುತ್ತದೆ. ಕ್ಯಾಪ್ಸೂಲ್ ಮಷಿನ್ ಇರುವವರಿಗೆ ರೂಯಿಬೋಸ್ ಕ್ಯಾಪ್ಸೂಲೂ ಇದೆ. ಕಸ ಜಾಸ್ತಿ, ಎಲೆ ಕಡಿಮೆ, ನನಗೆ ತೆಳು ಅನ್ನಿಸಿತು. ಏನೂ ಇಲ್ಲದವರು ಏನನ್ನೂ ಕೊಳ್ಳಬೇಡಿ. ಎಲೆಯ ಒಂದು ಪೊಟ್ಟಣ, ಹಾಲು ಕಾಯಿಸುವ ಪಾತ್ರೆ, ಬಟ್ಟೆ. ಕಾಫಿಯ ಕಹಿಯೇ ಬೇಕು ಅನ್ನುವವರಿಗೆ ಫಿಲ್ಟರ್ ಮತ್ತು ಚಿಕೋರಿ. ಇದೆಲ್ಲ ಯಾರಿಗೆ ಬೇಕು, ಕಾಫಿಯೇ ಬೇಕು ಅನ್ನುವವರಿಗೆ ಡಿಕ್ಯಾಫ್.

ಬಸುರಿಯರು ಕೇಳುತ್ತಾರೆ. ಗರ್ಭಿಣಿಯರಿಗೆ ದಿನಕ್ಕೆ 200 ಮಿಲಿಗ್ರಾಂ ಒಳಗೆ ಕೆಫೀನ್ ಇರಲಿ ಅನ್ನುವುದು ವೈದ್ಯರು ಸಾಮಾನ್ಯವಾಗಿ ಹೇಳುವ ಮಿತಿ. ಬೆಳಗ್ಗೆ ಒಂದು ಲೋಟ ಕಾಫಿ, ಸಂಜೆಗೆ ಇದು ಅಂತ ಹಂಚಿಕೊಂಡರೆ ಮಿತಿಯೊಳಗೆ ಉಳಿಯುವುದು ಸುಲಭ, ಆದರೂ ಹೊಸದಾಗಿ ಶುರು ಮಾಡುವ ಮೊದಲು ನಿಮ್ಮ ಡಾಕ್ಟರಿಗೊಂದು ಮಾತು ಹೇಳಿ. ಲಿವರ್ ತೊಂದರೆ ಇದ್ದವರು, ಹಾರ್ಮೋನಿಗೆ ಸಂಬಂಧಿಸಿದ ಕಾಯಿಲೆಗೆ ಔಷಧಿ ತಗೊಳ್ಳುತ್ತಿರುವವರು ಕೇಳಿಯೇ ಕುಡಿಯಬೇಕು, ಅದರಲ್ಲೂ ಹೀಗೆ ಗಟ್ಟಿಯಾಗಿ ದಿನಾ ಕುಡಿಯುವುದಾದರೆ. ಇನ್ನು ಸಕ್ಕರೆ ಕಾಯಿಲೆ ವಾಸಿ, ವಯಸ್ಸು ಹಿಂದಕ್ಕೆ ಅನ್ನುವ ಡಬ್ಬಿಯ ಮಾತುಗಳನ್ನು ಓದಿ ನಕ್ಕು ಮುಚ್ಚಿಡಿ.

ಮಷಿನ್ನಿನವರಿಗೆ ಇನ್ನೊಂದು ಮಾತು. ರಾತ್ರಿ ಶಾಟ್ ತೆಗೆದ ಮೇಲೆ ಬಾಸ್ಕೆಟ್ ತೊಳೆದರೆ ಸಾಲದು, ಮೇಲಿನ ಜಾಲರಿಗೂ ಸಣ್ಣ ಸೂಜಿಗಳು ಕಚ್ಚಿಕೊಂಡಿರುತ್ತವೆ. ಹಳೆಯ ಟೂತ್ ಬ್ರಷ್ಷಿನಲ್ಲಿ ಉಜ್ಜಿ, ಖಾಲಿ ನೀರು ಒಂದು ಸಲ ಹೊರಗೆ ಬಿಡಿ. ನಾನು ಮರೆತ ದಿನ ನಮ್ಮನೆಯವರು ಬೆಳಗಿನ ಕಾಫಿ ಮೂಸಿ ನೋಡಿ, ‘ಇವತ್ತು ದನದ ಕೊಟ್ಟಿಗೆ ಹುಲ್ಲು ಹಾಕಿದ್ಯಾ ಇದಕ್ಕೆ?’ ಅಂತ ಲೋಟ ಕೆಳಗಿಟ್ಟರು. ಆ ಬ್ರಷ್ ಈಗ ಮಷಿನ್ ಪಕ್ಕದಲ್ಲೇ ನೇತಾಡುತ್ತಿದೆ.